ಮಡಚುವ ಸೈಕಲ್ಲು, ತಂಗಿಯ ಷರತ್ತು

ನಾನು ಪತ್ರಿಕೆಯ ಡೆಸ್ಕಿನಲ್ಲಿದ್ದ ಕಾಲದಲ್ಲಿ, ಯುರೋಪಿನ ನಗರಗಳನ್ನು ಸೈಕಲ್ಲು ಮತ್ತು ರೈಲಿನಲ್ಲಿ ಒಬ್ಬರೇ ಸುತ್ತಿ ಬಂದವರ ಲೇಖನಗಳು ಭಾನುವಾರದ ಪುರವಣಿಗೆ ಬರುತ್ತಿದ್ದವು. ‘ಮನಮೋಹಕ’, ‘ಸ್ವರ್ಗಸದೃಶ’ ಎಂಬ ಪದಗಳನ್ನು ಹೊಡೆದುಹಾಕಿ, ಟಿಕೆಟ್ ಎಲ್ಲಿ ಸಿಗುತ್ತದೆ, ಸೈಕಲ್ಲನ್ನು ಯಾವ ಬೋಗಿಗೆ ಹತ್ತಿಸಬೇಕು ಎಂಬಂಥ ಮಾಹಿತಿಯನ್ನು ಉಳಿಸಿ ಪುಟಕ್ಕೆ ಕಳಿಸುವುದು ನನ್ನ ಕೆಲಸ. ನಾನೂ ಒಮ್ಮೆ ಹೀಗೆ ಹೋಗಬೇಕು ಎಂದು ಆಗೆಲ್ಲ ಅನಿಸುತ್ತಿತ್ತು. ನಿವೃತ್ತಿಯಾಯಿತು. ಅದರ ಬೆನ್ನಿಗೇ ತಲೆಸುತ್ತು ಬಂತು.

ಕಾಯಿಲೆ ದೊಡ್ಡದಲ್ಲ. ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪುತ್ತವೆ, ತಲೆ ಹೊರಳಿಸಿದರೆ ಕೋಣೆಯೇ ಗಿರಗಿರನೆ ತಿರುಗುತ್ತದೆ. ಮೈಸೂರಿನ ವೈದ್ಯರು ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ವಾಸಿ ಮಾಡಿದರು, ‘ಇನ್ನು ಆರಾಮಾಗಿ ಓಡಾಡಿ’ ಎಂದರು. ಓಡಾಡಲು ಮನೆಯವರು ಬಿಡಲಿಲ್ಲ. ರಸ್ತೆ ದಾಟುವಾಗ ಅತ್ತಿಗೆ ನನ್ನ ಮೊಣಕೈ ಹಿಡಿಯುತ್ತಿದ್ದರು. ಬ್ಯಾಂಕಿಗೆ ಅಣ್ಣ ಜತೆಗೆ ಬರುತ್ತಿದ್ದ. ಬರಬರುತ್ತ, ಯಾರೂ ಹಿಡಿಯದಿದ್ದರೆ ನಾನೇ ಅವರ ಕೈಗಾಗಿ ನೋಡತೊಡಗಿದೆ. ಇದು ಹೀಗೇ ಮುಂದುವರಿದರೆ ಕಾಯಿಲೆಗಿಂತ ಈ ಅಭ್ಯಾಸವೇ ಖಾಯಂ ಆಗುತ್ತದೆ ಎಂದು ಗೊತ್ತಾಗುತ್ತಿತ್ತು.

ಆ ವರ್ಷ ತಂಗಿ ನನ್ನನ್ನು ಪರ್ತ್‌ಗೆ ಕರೆಸಿಕೊಂಡಳು. ಅವಳು ಎಂಜಿನಿಯರ್. ಅವಳ ಗಂಡ ವೆಲ್ಷ್‌ಪೂಲ್‌ನ ಉಗ್ರಾಣವೊಂದರಲ್ಲಿ ಮೇಲ್ವಿಚಾರಕ. ಮನೆ ಕ್ಯಾನಿಂಗ್ಟನ್ ರೈಲು ನಿಲ್ದಾಣಕ್ಕೆ ಹತ್ತಿರ. ಮಡಚಿದರೆ ಸೂಟ್‌ಕೇಸಿನೊಳಗೆ ಕೂರುವ ಹಳೆಯ ಸೈಕಲ್ಲೊಂದು ಗ್ಯಾರೇಜಿನಲ್ಲಿತ್ತು. ಅದನ್ನು ತೆಗೆದುಕೊಂಡು ಪರ್ತ್, ಅಡಿಲೇಡ್, ಬ್ರಿಸ್ಬೇನ್ ಮೂರೂ ಊರನ್ನು ಒಬ್ಬಳೇ ನೋಡುತ್ತೇನೆ ಎಂದೆ. ನಗರದಿಂದ ನಗರಕ್ಕೆ ವಿಮಾನ, ನಗರದೊಳಗೆ ರೈಲು ಮತ್ತು ಸೈಕಲ್ಲು.

ತಂಗಿ ಒಂದು ವಾರ ಒಪ್ಪಲಿಲ್ಲ. ಅವಳ ಮಗಳು, ಹೈಸ್ಕೂಲಿನ ಹುಡುಗಿ, ಊಟದ ಮೇಜಿನಲ್ಲಿ ‘ಮಾಮ್, ಲೆಟ್ ಹರ್ ಗೋ. ಶೀ ಇಸ್ ನಾಟ್ ಎ ಬೇಬಿ’ ಎಂದಳು.

‘ನೀನು ಸುಮ್ನಿರು. ತಲೆ ಸುತ್ತಿ ಬಿದ್ರೆ ನೀನು ಹಿಡ್ಕೋತೀಯಾ?’

ಕೊನೆಗೆ ತಂಗಿ ಷರತ್ತು ಹಾಕಿದಳು. ‘ಫೋನಲ್ಲಿ ಲೊಕೇಶನ್ ಆನ್ ಇರ್ಬೇಕು. ಪ್ರತಿ ಊರಲ್ಲೂ ನಮ್ಮವರ ಮನೇಲೇ ಉಳ್ಕೋಬೇಕು. ಒಂದೇ ಒಂದು ಸಲ ತಲೆ ಸುತ್ತಿದ್ರೂ ವಾಪಸ್. ಆಮೇಲೆ ಒಬ್ಬಳೇ ಹೋಗ್ತೀನಿ ಅನ್ನೋ ಮಾತು ಇಲ್ಲೂ ಇಲ್ಲ, ಮೈಸೂರಲ್ಲೂ ಇಲ್ಲ.’

ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ಏನನ್ನು ಪಣಕ್ಕಿಟ್ಟಿದ್ದೇನೆಂಬುದು ನನಗೆ ಗೊತ್ತಿತ್ತು.

ಹೊರಡುವ ಮುಂಚಿನ ಶನಿವಾರ ಅವಳು ಸೈಕಲ್ಲಿಗೆ ಪೂಜೆ ಮಾಡಿದಳು. ಚಕ್ರಗಳ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಕುಂಕುಮ, ಅದರ ಮೇಲೆ ದಾರದಲ್ಲಿ ಪೋಣಿಸಿದ ಇನ್ನೊಂದು ನಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿ. ಅವಳ ಗಂಡ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

‘ಇದು ಸೈಕಲ್ಲು ಕಣೇ, ಲಾರಿ ಅಲ್ಲ.’

‘ಲಾರಿಗಾದ್ರೆ ಬ್ರೇಕ್ ಸರಿಯಾಗಿರುತ್ತೆ. ನೀವು ಅದನ್ನ ನೋಡಿದ್ರಾ?’

ಅವರು ಕಾಫಿ ಲೋಟ ಕೆಳಗಿಟ್ಟು ಬ್ರೇಕ್ ನೋಡಲು ಕೂತರು.

ಪರ್ತ್‌ನಲ್ಲಿ ಮೊದಲ ದಿನ ಸೈಕಲ್ಲು ಮಡಚಿಕೊಂಡು ರೈಲು ಹತ್ತಿದೆ. ದಟ್ಟಣೆಯ ವೇಳೆಯಲ್ಲಿ ದೊಡ್ಡ ಸೈಕಲ್ಲುಗಳಿಗೆ ಅಡ್ಡಿ ಇದೆ, ಮಡಚಿದ್ದಕ್ಕಿಲ್ಲ. ಬಾಗಿಲ ಬಳಿ ಕೂತಿದ್ದ ಹೆಂಗಸೊಬ್ಬರು ನನ್ನ ಮುಖ ನೋಡದೆಯೇ ತಮ್ಮ ತರಕಾರಿ ಚೀಲವನ್ನು ಕಾಲಿನಿಂದ ಸರಿಸಿ ಜಾಗ ಮಾಡಿಕೊಟ್ಟರು. ನನ್ನನ್ನು ರೋಗಿಯಂತೆ ನೋಡದ ಒಬ್ಬರು ಬಹಳ ದಿನಗಳ ನಂತರ ಸಿಕ್ಕಿದ್ದರು. ಅವರಿಗೆ ನಾನು ಸಾಮಾನು ಹೊತ್ತ ಇನ್ನೊಬ್ಬ ಪ್ರಯಾಣಿಕಳು, ಅಷ್ಟೇ.

ನದಿಯ ದಡದ ಹಾದಿ ಹಿಡಿದು ಫ್ರೀಮ್ಯಾಂಟಲ್ ಕಡೆಗೆ ಹೊರಟೆ. ಕಪ್ಪು ಹಂಸಗಳಿದ್ದವು. ಓಟಗಾರರಿದ್ದರು. ಹಿಂದಿನಿಂದ ಗಂಟೆ ಬಾರಿಸಿ ನನ್ನನ್ನು ದಾಟಿ ಹೋಗುವ ಮುದುಕರಿದ್ದರು. ಮಧ್ಯಾಹ್ನ ಕಡಲ ಗಾಳಿ ಎದುರಿನಿಂದ ಬೀಸಲು ಶುರುವಾದಾಗ ಸೈಕಲ್ಲು ನಿಂತಲ್ಲೇ ನಿಂತಂತಾಯಿತು. ನಾನು ಹಟ ಮಾಡಲಿಲ್ಲ. ಹತ್ತಿರದ ನಿಲ್ದಾಣಕ್ಕೆ ತಿರುಗಿ, ಸೈಕಲ್ಲು ಮಡಚಿ, ಉಳಿದ ದಾರಿಯನ್ನು ರೈಲಿನಲ್ಲಿ ಮುಗಿಸಿದೆ. ಸಾಕೆನಿಸಿದಲ್ಲಿ ನಿಲ್ಲಿಸಬಹುದು, ನಿಲ್ಲಿಸಿದರೂ ಊರು ತಲುಪಬಹುದು. ಇಂಥ ಪ್ರಯಾಣದ ಸುಖ ಇದು. ನಾನು ತಿದ್ದಿದ ಲೇಖನಗಳಲ್ಲಿ ಇದನ್ನು ಯಾರೂ ಬರೆದ ನೆನಪಿಲ್ಲ. ಬರೆದಿದ್ದರೂ ಜಾಗ ಸಾಲದೆ ನಾನೇ ತೆಗೆದಿರಬಹುದು.

ಅಡಿಲೇಡ್ ವಿಮಾನ ನಿಲ್ದಾಣದಲ್ಲಿ ಇಳಿದಾಗ, ಹೊರರಾಜ್ಯದ ಹಣ್ಣು ತರಕಾರಿಯನ್ನು ಒಳಗೆ ತರುವಂತಿಲ್ಲ, ಹಣ್ಣಿನ ನೊಣ ಹರಡುತ್ತದೆ, ಇಲ್ಲಿ ಹಾಕಿ ಎಂಬ ಫಲಕ ಮತ್ತು ಅದರ ಕೆಳಗೆ ತೊಟ್ಟಿ ಕಂಡಿತು. ನನ್ನ ಬಳಿ ಹಣ್ಣಿಲ್ಲ ಎಂದುಕೊಂಡು ಮುಂದೆ ಹೋದೆ. ನಾಲ್ಕು ಹೆಜ್ಜೆ ಹೋದ ಮೇಲೆ ನಿಂಬೆಹಣ್ಣು ನೆನಪಾಯಿತು. ತಿರುಗಿ ಬಂದು, ತೊಟ್ಟಿಯ ಪಕ್ಕದಲ್ಲೇ ಸೂಟ್‌ಕೇಸ್ ಬಿಚ್ಚಿ, ಹ್ಯಾಂಡಲ್ಲಿನ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಾಗ ನನ್ನನ್ನು ಕರೆದೊಯ್ಯಲು ಬಂದಿದ್ದ ಹುಡುಗ ಎದುರಿಗೆ ನಿಂತಿದ್ದ. ಮೈಸೂರಿನವನು, ಸಾಫ್ಟ್‌ವೇರ್ ಕೆಲಸ, ತಂಗಿಯ ಸಹೋದ್ಯೋಗಿಯ ತಮ್ಮ. ನಾನು ಉಳಿಯಬೇಕಿದ್ದದ್ದು ಅವನ ಮನೆಯಲ್ಲೇ.

‘ಆಂಟಿ, ಏನ್ ಮಾಡ್ತಿದ್ದೀರಾ?’

‘ನಿಂಬೆಹಣ್ಣು, ಮೆಣಸಿನಕಾಯಿ ಬಿಸಾಕ್ತಿದ್ದೀನಪ್ಪ.’

ಅವನು ಅತ್ತಿತ್ತ ನೋಡಿದ. ‘ಸ್ವಲ್ಪ ಬೇಗ ಆಂಟಿ. ನೋಡಿದವರು ಮಾಟ ಮಾಡೋಕೆ ಬಂದಿದ್ದೀರಾ ಅನ್ಕೋತಾರೆ.’

‘ಮಾಟ ಅಂದ್ರೆ ಇವರಿಗೆ ಗೊತ್ತಾಗುತ್ತಾ?’

‘ನನಗೇ ಡೌಟ್ ಬಂತಲ್ಲ!’

ಅಡಿಲೇಡ್ ಸೈಕಲ್ಲಿಗೆ ಹೇಳಿ ಮಾಡಿಸಿದ ಊರು. ನೆಲ ಚಪ್ಪಟೆ, ಊರಿನ ನಡುಭಾಗದ ಸುತ್ತ ಉದ್ಯಾನದ ಪಟ್ಟಿ. ಸಣ್ಣ ನದಿಯ ಪಕ್ಕದ ಹಾದಿಯನ್ನು ಬಿಡದೆ ಹಿಡಿದರೆ ಅದೇ ಸಮುದ್ರಕ್ಕೆ ತಂದು ಬಿಡುತ್ತದೆ. ನಾನು ಹಾಗೆಯೇ ಸಮುದ್ರ ಮುಟ್ಟಿ, ಮರಳಿನ ಎದುರಿಗೆ ಬೆಂಚಿನ ಮೇಲೆ ಕೂತು, ಒಬ್ಬಳೇ ಬಂದೆನಲ್ಲ ಎಂದುಕೊಳ್ಳುತ್ತಿರುವಾಗ ಆ ಹುಡುಗ ಸ್ಟೀಲ್ ಡಬ್ಬಿ ಹಿಡಿದು ಬಂದ.

‘ಸುಮ್ನೆ ಈ ಕಡೆ ಬಂದಿದ್ದೆ ಆಂಟಿ.’

‘ಆಫೀಸ್ ಇಲ್ವಾ?’

‘ವರ್ಕ್ ಫ್ರಮ್ ಹೋಮ್.’

‘ಇದು ಸಮುದ್ರ ಕಣಪ್ಪ.’

ಅವನು ನಕ್ಕುಬಿಟ್ಟ. ‘ನಿಮ್ಮ ತಂಗಿ ಫೋನ್ ಮಾಡಿದ್ರು. ಮ್ಯಾಪಲ್ಲಿ ನಿಮ್ಮ ಡಾಟ್ ಕಾಲು ಗಂಟೆಯಿಂದ ಒಂದೇ ಕಡೆ ನಿಂತಿದೆಯಂತೆ.’

ನನ್ನ ತಂಗಿಗೆ ಪ್ರತಿ ಊರಿನಲ್ಲೂ ಒಬ್ಬ ವರದಿಗಾರನಿದ್ದ. ಇಷ್ಟು ಒಳ್ಳೆಯ ಜಾಲ ನಮ್ಮ ಪತ್ರಿಕೆಗೂ ಇರಲಿಲ್ಲ. ಸಿಟ್ಟು ಬಂದದ್ದು ನಿಜ. ಡಬ್ಬಿಯಲ್ಲಿ ಅವನ ಹೆಂಡತಿ ಕೆಲಸಕ್ಕೆ ಹೊರಡುವ ಮೊದಲು ಕಲಸಿಟ್ಟ ಪುಳಿಯೋಗರೆ ಇತ್ತು, ಹುರಿದ ಕಡಲೆಬೀಜ ಧಾರಾಳವಾಗಿತ್ತು. ಮೊನ್ನೆಯವರೆಗೆ ಪರಿಚಯವೇ ಇಲ್ಲದಿದ್ದ ಹುಡುಗಿ ನನಗಾಗಿ ಬೇಗ ಎದ್ದಿದ್ದಳು. ತಿಂದೆ. ವಾಪಸ್ ಮಾತ್ರ ರೈಲಿನಲ್ಲಿ ಒಬ್ಬಳೇ ಬರುತ್ತೇನೆಂದೆ, ಅವನು ಒತ್ತಾಯ ಮಾಡದೆ ಕಾರು ಹತ್ತಿ ಹೋದ. ಆ ಡಬ್ಬಿಗೂ ಆ ಒತ್ತಾಯ ಮಾಡದಿದ್ದುದಕ್ಕೂ ನಾನು ಸಮಾನವಾಗಿ ಋಣಿ.

ಬ್ರಿಸ್ಬೇನ್‌ನಲ್ಲಿ ಉಳಿದದ್ದು ಕ್ಯಾಲಮ್‌ವೇಲ್‌ನ ಒಂದು ಮನೆಯಲ್ಲಿ. ಮನೆಯಾಕೆ ಮಂಗಳೂರು ಕಡೆಯ ಕ್ಯಾಥೋಲಿಕರು. ಮಸ್ಕತ್ತಿನಲ್ಲಿ ಬಹುಕಾಲ ನರ್ಸ್ ಆಗಿದ್ದು, ಮಗನ ಜತೆ ಇರಲು ಇಲ್ಲಿಗೆ ಬಂದವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಎಲ್ಲರೂ ಆಂಟಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ತಂಗಿಗೆ ಅವರ ಪರಿಚಯ ಮಗನ ಮೂಲಕ.

‘ಮೀನು ತಿನ್ನುದಿಲ್ಲ ಅಂತ ನಿಮ್ಮ ತಂಗಿ ಹೇಳಿದ್ದಾರೆ. ಪಾಪ,’ ಎಂದರು ಮೊದಲ ದಿನವೇ. ಆ ‘ಪಾಪ’ದಲ್ಲಿ ನಿಜವಾದ ಕನಿಕರವಿತ್ತು.

ಈ ಊರಿನ ರಸ್ತೆಗಳು ಏರಿಳಿತದವು. ಏರಿನಲ್ಲಿ ಇಳಿದು ತಳ್ಳುತ್ತಿದ್ದೆ. ಬೆಳಿಗ್ಗೆ ಸೈಕಲ್ಲಿನಲ್ಲಿ ರೈಲು ನಿಲ್ದಾಣಕ್ಕೆ, ಅಲ್ಲಿಂದ ನಗರಕ್ಕೆ, ನದಿಯ ದಡದಲ್ಲಿ ಒಂದಷ್ಟು ದೂರ, ಮತ್ತೆ ರೈಲು. ಹೀಗೆ ಕೆಲವು ದಿನ ಸುಖವಾಗಿ ಕಳೆದವು. ಒಂದು ಮಧ್ಯಾಹ್ನ ದೂರ ಹೋಗುವುದು ಬೇಡವೆಂದು ಮನೆಯ ಹತ್ತಿರದ ತೊರೆಯ ಪಕ್ಕದ ಹಾದಿಯಲ್ಲೇ ಹೊರಟೆ. ಮರವೊಂದರ ತುಂಬ ಬಿಳಿಯ ದೊಡ್ಡ ಗಿಳಿಗಳು ಕಿರುಚುತ್ತಿದ್ದವು. ಸೈಕಲ್ಲು ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ, ತಲೆ ಎತ್ತಿ ನೋಡಿದೆ.

ಮರ ತಿರುಗಿತು. ಆಮೇಲೆ ಆಕಾಶ ತಿರುಗಿತು.

ಬೀಳಲಿಲ್ಲ. ಸೈಕಲ್ಲನ್ನು ಅಲ್ಲೇ ಮಲಗಿಸಿ ಹುಲ್ಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಹುಲ್ಲು ಹಿಡಿದುಕೊಂಡೆ. ನಾಯಿಯ ಜತೆ ಬರುತ್ತಿದ್ದ ಒಬ್ಬರು ನಿಂತರು. ‘ಯೂ ರೈಟ್, ಲವ್?’ ಎಂದು, ಹುಷಾರಾಗಿದ್ದೀರಾ ಎಂಬರ್ಥದಲ್ಲಿ, ಕೇಳಿದರು. ತಲೆಸುತ್ತು ಎಂದೆ. ಅವರು ಏನೂ ಸಲಹೆ ಕೊಡಲಿಲ್ಲ. ಸೈಕಲ್ಲನ್ನು ದಾರಿಯಿಂದ ಎತ್ತಿ ಹಿಡಿದುಕೊಂಡು, ನಾಯಿಯನ್ನು ಕೂರಿಸಿ, ಯಾರಿಗಾದರೂ ಫೋನ್ ಮಾಡುವಂತೆ ಸನ್ನೆ ಮಾಡಿ ಕಾದು ನಿಂತರು.

ಆಂಟಿಗೆ ಫೋನ್ ಮಾಡಿದೆ. ಅವರು ಮನೆಯ ಚಪ್ಪಲಿಯಲ್ಲೇ ಬಿರಬಿರನೆ ನಡೆದು ಬಂದರು.

‘ಯಾವ ಬದಿಗೆ ತಿರುಗಿದರೆ ಜಾಸ್ತಿ?’

‘ಬಲಗಡೆ.’

‘ಅಷ್ಟೆಯಾ? ಗೊತ್ತುಂಟು ನನಗೆ ಇದು. ಹೆದರ್ಬೇಡಿ. ಕಣ್ಣು ನನ್ನ ಮೇಲೆ ಇಡಿ, ಮರದ ಮೇಲೆ ಬೇಡ.’

ಆ ಮನುಷ್ಯ ಗೇಟಿನವರೆಗೂ ಸೈಕಲ್ಲು ತಳ್ಳಿಕೊಂಡು ಬಂದು, ಟೊಪ್ಪಿ ಮುಟ್ಟಿ ಹೋದರು. ಮನೆಯಲ್ಲಿ ಆಂಟಿ ನನ್ನನ್ನು ಮಂಚದ ಮೇಲೆ ಮಲಗಿಸಿ, ತಲೆಯನ್ನು ಅಂಚಿನಿಂದ ಸ್ವಲ್ಪ ಕೆಳಗೆ ಇಳಿಸಿ, ಬಲಕ್ಕೆ ತಿರುಗಿಸಿ ಹಿಡಿದರು. ಗೋಡೆಗಳು ಸುತ್ತಿ ಸುತ್ತಿ ನಿಂತವು. ಆಮೇಲೆ ಎಡಕ್ಕೆ. ಆಮೇಲೆ ಇಡೀ ಮೈಯನ್ನು ಮಗ್ಗುಲಿಗೆ. ಅಷ್ಟು ಹೊತ್ತೂ ಅವರು ಮಸ್ಕತ್ತಿನ ಆಸ್ಪತ್ರೆಯಲ್ಲಿ ಇದೇ ತಲೆಸುತ್ತಿಗೆ ತನ್ನ ಹೆಂಡತಿಯ ಅಡುಗೆಯೇ ಕಾರಣವೆಂದು ವಾದಿಸುತ್ತಿದ್ದ ಒಬ್ಬ ರೋಗಿಯ ಕಥೆ ಹೇಳುತ್ತಿದ್ದರು. ಎದ್ದು ಕೂತಾಗ ಕೋಣೆ ತನ್ನ ಜಾಗದಲ್ಲಿತ್ತು.

ಆಗ ಅಳು ಬಂತು. ತಲೆಸುತ್ತಿಗಲ್ಲ. ‘ನನ್ನ ತಂಗಿಗೆ ಗೊತ್ತಾದ್ರೆ ಎಲ್ಲ ಮುಗೀತು ಆಂಟಿ’ ಎಂದು ಷರತ್ತಿನ ವಿಷಯ ಹೇಳಿದೆ.

ಅವರು ನೀರು ಕೊಟ್ಟರು. ‘ನಾನಾಗಿ ಹೇಳುದಿಲ್ಲ. ಹೇಳುದು ಬಿಡುದು ನಿಮಗೆ ಸೇರಿದ್ದು. ಆದರೆ ಅವರು ಕೇಳಿದರೆ ಸುಳ್ಳು ಹೇಳ್ಲಿಕ್ಕೆ ನನಗೆ ಬರುದಿಲ್ಲ. ಅದೊಂದು ಗೊತ್ತಿರ್ಲಿ.’

ಸಂಜೆಯವರೆಗೂ ಯೋಚಿಸಿದೆ. ಲೊಕೇಶನ್ ನೋಡಿದರೂ ನಾನು ಮನೆಯಲ್ಲಿದ್ದೇನೆ ಎಂದಷ್ಟೇ ಕಾಣುತ್ತದೆ. ಸುಮ್ಮನಿದ್ದರೆ ಪ್ರವಾಸ ಉಳಿಯುತ್ತದೆ. ಡೆಸ್ಕಿನಲ್ಲಿ ನಾವು ಹೊಸಬರಿಗೆ ಹೇಳುತ್ತಿದ್ದ ಮಾತೊಂದಿತ್ತು: ಒಂದು ಸಂಗತಿ ಮುಚ್ಚಿಟ್ಟರೆ ಉಳಿದ ಸಂಗತಿಗಳನ್ನೂ ಓದುಗ ನಂಬಬೇಕಾಗಿಲ್ಲ. ನನಗೆ ಬೇಕಾಗಿದ್ದದ್ದು ಇನ್ನೊಂದು ವಾರದ ಸುತ್ತಾಟವಲ್ಲ, ‘ಚೆನ್ನಾಗಿದ್ದೀನಿ’ ಎಂದು ನಾನು ಹೇಳಿದರೆ ಅದನ್ನು ನಂಬುವ ತಂಗಿ.

ಅವಳು ಕೆಲಸದಿಂದ ಬರುವ ಹೊತ್ತಿಗೆ ಫೋನ್ ಮಾಡಿದೆ. ಎಲ್ಲಿ, ಹೇಗೆ, ಯಾರು ಸಹಾಯ ಮಾಡಿದರು, ಈಗ ಹೇಗಿದ್ದೇನೆ. ವಿಶೇಷಣವಿಲ್ಲದೆ ಹೇಳಿ ಮುಗಿಸಿದೆ.

‘ನಾಳೇನೇ ಫ್ಲೈಟ್ ಬುಕ್ ಮಾಡ್ತೀನಿ,’ ಎಂದಳು.

‘ಮಾತು ಕೊಟ್ಟಿದ್ದೀನಿ, ಮಾಡಿದ್ರೆ ಬರ್ತೀನಿ. ಮಾಡೋಕೆ ಮುಂಚೆ ಒಂದು ನಿಮಿಷ ಕೇಳು. ಆಂಟಿ ತಾವಾಗಿ ಹೇಳಲ್ಲ ಅಂದಿದ್ರು. ನಿನಗೆ ಗೊತ್ತೇ ಆಗ್ತಿರಲಿಲ್ಲ.’

‘ಮತ್ಯಾಕೆ ಹೇಳ್ದೆ?’

‘ಇವತ್ತಿಂದು ಮುಚ್ಚಿಟ್ರೆ, ನಾಳೆ ಚೆನ್ನಾಗಿದ್ದೀನಿ ಅಂದ್ರೆ ನೀನ್ಯಾಕೆ ನಂಬಬೇಕು? ತಲೆ ಮತ್ತೆ ಸುತ್ತಬಹುದು ಕಣೇ. ಇಲ್ಲೂ ಸುತ್ತಬಹುದು, ಮೈಸೂರಲ್ಲಿ ಅಣ್ಣ ಅತ್ತಿಗೆ ಹಿಡ್ಕೊಂಡಿದ್ದಾಗ್ಲೂ ಸುತ್ತಬಹುದು. ಸುತ್ತಿದ್ರೆ ಏನು ಮಾಡ್ಬೇಕು ಅಂತ ಇವತ್ತು ಗೊತ್ತಾಯ್ತು. ಕೂತ್ಕೊಂಡೆ, ಫೋನ್ ಮಾಡ್ದೆ, ಸರಿಹೋಯ್ತು.’

ಆ ಕಡೆಯಿಂದ ಪಾತ್ರೆ ಇಡುವ ಸದ್ದು ಕೇಳಿಸಿತು. ತಂಗಿ ಅಳುತ್ತಿದ್ದಳೋ, ಸಿಟ್ಟಿನಲ್ಲಿದ್ದಳೋ, ನನಗೆ ಕಾಣಲಿಲ್ಲ. ಕಾಣದ್ದನ್ನು ಬರೆಯಲಾರೆ.

‘ಫೋನ್ ಆಂಟಿಗೆ ಕೊಡು,’ ಎಂದಳು.

ಆಂಟಿ ಮಾತಾಡಿದರು. ‘ಹೌದು ಮಾರಾಯ್ತಿ, ನಾನೇ ಮಾಡಿದ್ದು... ಎಂತ ಇಲ್ಲ, ಈಗ ಚಾ ಕುಡಿದು ನನ್ನ ಸಾರಿಗೆ ಉಪ್ಪು ಕಮ್ಮಿ ಅಂತ ಹೇಳ್ತಾ ಇದ್ದಾರೆ... ಎರಡು ದಿನ ಸೈಕಲ್ ಬೇಡ, ಮತ್ತೆ ಹೋಗ್ಲಿ ಬಿಡಿ. ಮನೆಯಲ್ಲಿ ಕೂರಿಸಿದ್ರೆ ನನ್ನ ತಲೆ ತಿರುಗುದು.’

ಫೋನ್ ನನ್ನ ಕೈಗೆ ಬಂತು. ‘ಎರಡು ದಿನ ಸೈಕಲ್ ಮುಟ್ಬೇಡ,’ ಎಂದಳು ತಂಗಿ. ‘ಆಮೇಲೆ ನಿನಗೆ ಬಿಟ್ಟಿದ್ದು.’

ಎರಡು ದಿನ ಆಂಟಿಯ ಜತೆ ಬೀನ್ಸ್ ಬಿಡಿಸಿದೆ, ಅವರ ಚರ್ಚಿನ ಊಟಕ್ಕೆ ತೆಂಗಿನಕಾಯಿ ತುರಿದೆ. ಮೂರನೆಯ ಬೆಳಿಗ್ಗೆ ಸೈಕಲ್ಲು ಬಿಚ್ಚಿ ನಿಲ್ದಾಣಕ್ಕೆ ಹೊರಟೆ. ನದಿಯಲ್ಲಿ ದೋಣಿ ಹತ್ತಿ, ಒಂದು ದಡದಿಂದ ಇನ್ನೊಂದಕ್ಕೆ ಸೈಕಲ್ಲಿನ ಜತೆ ದಾಟುತ್ತ ಮಧ್ಯಾಹ್ನ ಕಳೆದೆ. ಸಂಜೆ ರೈಲಿನಲ್ಲಿ ಕೂತು ತಂಗಿಗೆ ಎಲ್ಲಿಗೆ ಹೋಗಿದ್ದೆನೆಂದು ಸಂದೇಶ ಕಳಿಸಿದೆ.

ಉತ್ತರ ಉದ್ದವಾಗಿತ್ತು. ಪಾತ್ರೆ ತೊಳೆಯುವ ಯಂತ್ರ ಕೆಟ್ಟಿದೆ, ರಿಪೇರಿಯವನು ಬರುತ್ತೇನೆಂದು ಬಂದಿಲ್ಲ. ಮಗಳು ಗಣಿತದಲ್ಲಿ ಕಡಿಮೆ ಅಂಕ ತೆಗೆದುಕೊಂಡು ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಗಂಡನಿಗೆ ಹೇಳಿದರೆ ‘ಬಿಡು’ ಅನ್ನುತ್ತಾರೆ. ‘ನೀನಾದ್ರೂ ಅವಳ ಹತ್ರ ಮಾತಾಡೇ, ನನ್ ತಲೆ ಕೆಟ್ಟೋಗಿದೆ.’

ನನ್ನ ಆರೋಗ್ಯದ ವಿಷಯ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ತಲೆಸುತ್ತು ಶುರುವಾದ ಮೇಲೆ ಅವಳು ತನ್ನ ಕಷ್ಟವನ್ನು ನನ್ನ ಮುಂದೆ ತಂದದ್ದು ಅದೇ ಮೊದಲು. ಎರಡು ಸಲ ಓದಿಕೊಂಡು, ಮುಂದಿನ ನಿಲ್ದಾಣ ಬರುವುದರೊಳಗೆ ಅವಳ ಮಗಳಿಗೆ ಫೋನ್ ಮಾಡಿದೆ.