ಹಾರ ಮಾತ್ರ ಮೆಟ್ಟಿಲ ಮೇಲೆ

ಕುಮಾರಸ್ವಾಮಿ ಲೇಔಟ್‌ನ ಒಂದು ವಠಾರ. ಹಾಲಿನವನು ಬಂದು ಹೋಗಿದ್ದಾನೆ, ಬೀದಿದೀಪ ಇನ್ನೂ ಆರಿಲ್ಲ. ಮೆಟ್ಟಿಲ ಮೇಲೆ ಕೂತ ಲತಾಮಣಿ ತೊಡೆಯ ಮೇಲಿನ ಟ್ಯಾಬ್‌ನಲ್ಲಿ ಅಜ್ಜರೊಬ್ಬರ ಫೋಟೊಗೆ ಹಾರ ಹಾಕುತ್ತಿದ್ದಾರೆ. ಪೆನ್ನಿನ ತುದಿಯಿಂದ ಹಾರವನ್ನು ಹೆಗಲವರೆಗೆ ಎಳೆದು, ಕೆಳಗೆರಡು ದೀಪ ಇಟ್ಟು, ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಕೂರಿಸುತ್ತಾರೆ. ಫೈಲ್ ಪ್ರಿಂಟಿಂಗ್ ಅಂಗಡಿಗೆ ಹೋಗುತ್ತದೆ. ಆಸ್ಪತ್ರೆಯಿಂದ ದೇಹ ಮನೆಗೆ ಬರುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಬ್ಯಾನರ್ ನಿಂತಿರಬೇಕು.

ಬನಶಂಕರಿಯ ಸಿಗ್ನಲ್‌ಗಳಲ್ಲಿ ಇಂಥವನ್ನು ನಾವೆಲ್ಲ ನೋಡುತ್ತೇವೆ. ಹಸಿರು ದೀಪ ಬರುವ ತನಕ ‘ಪಾಪ, ವಯಸ್ಸೆಷ್ಟೋ’ ಎನ್ನುತ್ತೇವೆ, ಆಮೇಲೆ ಹಾರನ್ ಹೊಡೆಯುತ್ತೇವೆ. ಆಧಾರ್ ಕಾರ್ಡಿನ ಮಸುಕು ಮುಖಕ್ಕೆ ಕಳೆ ತಂದವರಾರು, ಬನಿಯನ್ನಿನಲ್ಲಿದ್ದ ಯಜಮಾನರಿಗೆ ಬಿಳಿ ಶರ್ಟು ತೊಡಿಸಿದವರಾರು ಎಂದು ಯಾರೂ ಕೇಳುವುದಿಲ್ಲ.

ಲತಾಮಣಿ ಮೊದಲು ಜೆ.ಪಿ. ನಗರದ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಗಂಡ ಮುನಿರಾಜು ಗೋಡೆ, ಲಾರಿಗಳ ಮೇಲೆ ಅಕ್ಷರ ಬರೆಯುವ ಪೇಂಟರ್. ಕಳೆದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಇನ್ನೊಂದು ಸಲ ಹೊಡೆದರೆ ಕಷ್ಟ ಎಂದಿದ್ದಾರೆ ಡಾಕ್ಟರು. ಲತಾಮಣಿ ಅವರ ಮಂಚ ಬಿಟ್ಟು ಹೋಗುವಂತಿಲ್ಲ, ಕೆಲಸ ಬಿಟ್ಟರೆ ಹೊಟ್ಟೆಪಾಡಿಲ್ಲ. ಅದಕ್ಕೇ, ಅಂಗಡಿಯ ಕೆಲಸ ಮನೆಯಲ್ಲೇ ಮಾಡಲು ಈ ಸೆಕೆಂಡ್‌ಹ್ಯಾಂಡ್ ಟ್ಯಾಬ್ ಬಂತು.

“ಕಂಪ್ಯೂಟರ್‌ನಲ್ಲಾದ್ರೆ ಮುಖ ಅಷ್ಟು ದೂರ ಇರ್ತಿತ್ತು ಸಾರ್. ಸಂಜೆ ಆಫ್ ಮಾಡಿ ಬಂದ್ರೆ ಮುಗೀತು. ಇದು ಹಾಗಲ್ಲ, ಮಗು ಥರ ತೊಡೆ ಮೇಲಿರತ್ತೆ. ಕೆನ್ನೆ ಮೇಲಿನ ಕಲೆ ಅಳಿಸ್ಬೇಕಾದ್ರೆ ಅವರ ಕೆನ್ನೆನೇ ಮುಟ್ದಂಗಾಗತ್ತೆ.”

ಒಂದು ದಿನ ಅತ್ತೆ ನೀಲಗಂಗಮ್ಮನವರ ಕಣ್ಣಿಗೆ ಟ್ಯಾಬ್‌ನಲ್ಲಿನ ಆ ದೀಪಗಳು ಬಿದ್ದವು. “ನನ್ ಮಗ ಉಸಿರಾಡ್ತಿರೋ ಮನೇಲಿ ಸತ್ತೋರಿಗೆ ದೀಪ ಹಚ್ತೀಯಾ? ಇನ್ನೊಂದ್ ಸಲ ಕಂಡ್ರೆ ಅದನ್ನ ಮೋರಿಗೆಸೀತೀನಿ” ಎಂದರಂತೆ. ಹೆತ್ತ ಕರುಳಿಗೆ ಬುದ್ಧಿ ಹೇಳಲು ಯಾರಿಗೆ ಬಾಯಿ ಬಂದೀತು? ಅಂದಿನಿಂದ ಮನೆಯಲ್ಲೊಂದು ಕಟ್ಟಳೆ. ಮುಖ ತಿದ್ದುವುದು, ಶರ್ಟು ತೊಡಿಸುವುದು, ಹೆಸರು ಬರೆಯುವುದೆಲ್ಲ ಮಂಚದ ಪಕ್ಕದಲ್ಲಿ. ಹಾರ, ದೀಪ, ‘ಶ್ರದ್ಧಾಂಜಲಿ’ ಎಂಬ ಪದ ಮಾತ್ರ ಹೊಸ್ತಿಲಾಚೆ, ಈ ಮೆಟ್ಟಿಲ ಮೇಲೆ.

ಆ ಕಟ್ಟಳೆಯೇ ಒಮ್ಮೆ ಕೈಕೊಟ್ಟಿತು. ಹಾರ ಹಾಕಲು ಲತಾಮಣಿ ಹೊರಗೆ ಹೊರಟಾಗಲೇ ಮುನಿರಾಜು ಮಂಚದಿಂದ ಜಾರಿ ಬಿದ್ದರು. ಅತ್ತೆ ಸೊಸೆ ಸೇರಿ ಎತ್ತಿ ಮಲಗಿಸುವ ಗಡಿಬಿಡಿ, ಅತ್ತ ಅಂಗಡಿಯಿಂದ ಫೋನಿನ ಮೇಲೆ ಫೋನು. ಲತಾಮಣಿ ಫೈಲನ್ನು ಇದ್ದ ಹಾಗೇ ಕಳಿಸಿಬಿಟ್ಟರು. ಮಡಿವಾಳದ ಮನೆಯೊಂದರ ಮುಂದೆ ಆಂಬುಲೆನ್ಸ್ ಬಂದು ನಿಂತಾಗ, ತೀರಿಕೊಂಡ ಹಿರಿಯರು ಹಾರವಿಲ್ಲದೆ, ದೀಪವಿಲ್ಲದೆ ಬ್ಯಾನರ್‌ನಲ್ಲಿ ನಗುತ್ತಿದ್ದರು.

“ಅವರ ಮಗ ಫೋನ್ ಮಾಡಿ, ‘ನಮ್ಮಪ್ಪಂಗೆ ಬರ್ತ್‌ಡೇ ಮಾಡ್ತಿದೀವಾ ಮೇಡಂ?’ ಅಂದ್ರು. ಬೈದಿದ್ರೆ ತಡ್ಕೋತಿದ್ದೆ ಸಾರ್. ಅತ್ತುಬಿಟ್ರು.” ಆಮೇಲೆ ಅಂಗಡಿಯಿಂದ ಬರುವ ಕೆಲಸ ಕಮ್ಮಿಯಾಗಿದೆ. ದಿನಕ್ಕೆ ನಾಲ್ಕೈದು ಮುಖ ಬರುತ್ತಿದ್ದ ಕಡೆ ಈಗ ಒಂದೆರಡು.

ಒಳಗೆ ಹೋಗುತ್ತೇವೆ. ನೀಲಗಂಗಮ್ಮ ಮಗನಿಗೆ ಗಂಜಿ ಕುಡಿಸುತ್ತಿದ್ದಾರೆ. ಅರ್ಧ ಬಾಯಿಗೆ, ಅರ್ಧ ಟವೆಲ್ಲಿಗೆ. ಲತಾಮಣಿ ಟ್ಯಾಬ್ ತೆರೆದು ಇನ್ನೊಂದು ಹೆಸರು ಬರೆಯತೊಡಗಿದಾಗ ಮುನಿರಾಜು ಕತ್ತು ಹೊರಳಿಸಿ ಅದನ್ನೇ ನೋಡುತ್ತಾರೆ. ಅಕ್ಷರದ ಬಾಲ ಸೊಟ್ಟಗಾದರೆ ಎಡಗೈಯಲ್ಲಿ ಮಂಚ ಬಡಿಯುತ್ತಾರೆ. ಲತಾಮಣಿ ಅಳಿಸಿ, ಮತ್ತೆ ಬರೆಯುತ್ತಾರೆ. ನಾನು ಎದ್ದು ಹೊರಗೆ ಬರುತ್ತೇನೆ.

ಬೀಳ್ಕೊಡಲು ಬಂದ ಲತಾಮಣಿಯವರನ್ನು, ಆಸೆ ಏನಾದರೂ ಇದೆಯೇ ಎಂದು ಕೇಳುತ್ತೇನೆ. ಅವರು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ದನಿ ತಗ್ಗಿಸುತ್ತಾರೆ.

“ನಮ್ಮನೆಯವರ ಫೋಟೊ ಒಂದೂ ಈ ಟ್ಯಾಬಲ್ಲಿ ಇಟ್ಕೊಂಡಿಲ್ಲ ಸಾರ್. ಅಂಗಡೀಲಿ ಸ್ಪಂದನಾ ಅಂತ ಹೊಸ ಹುಡುಗಿ ಇದಾಳೆ, ಅವಳ ಹತ್ರ ಕೊಟ್ಟಿಟ್ಟಿದೀನಿ. ನನ್ನಷ್ಟು ಚೆನ್ನಾಗಿ ಅವಳಿಗೆ ಬರಲ್ಲ, ಗೊತ್ತು. ಪರವಾಗಿಲ್ಲ. ಇವರದ್ದು ಅವಳೇ ಮಾಡ್ಲಿ.”