ನೀಲಿ ಬೈಕಿನ ಕಾಯಿಲೆ

ಬೈಕುಗಳ ವೈರಿಂಗ್ ರಿಪೇರಿಯಲ್ಲಿ ನಮ್ಮನೆಯವರದು ಎತ್ತಿದ ಕೈ. ಅಂಗಡಿಗೆ ಬಂದ ಗಾಡಿಯ ಹಾರ್ನ್ ಒತ್ತಿ, ಬ್ರೇಕ್ ತುಳಿದು, ಕಾಯಿಲೆ ಇಂಥಲ್ಲೇ ಇದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಸ್ವಂತ ಬೈಕಿನ ಮುಂದೆ ಮಾತ್ರ ಇವರ ಬೇಳೆ ಬೇಯಲಿಲ್ಲ.

ಅದು ನಮ್ಮ ಮದುವೆಗಿಂತ ಹಳೆಯ ಗಾಡಿ. ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಅದರಲ್ಲೇ. ಈಚೆಗೆ ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು, ಬ್ರೇಕ್ ಹಿಡಿದರೆ ಇಂಡಿಕೇಟರ್ ಮಿಣುಕುತ್ತಿತ್ತು. ಹೋದ ವಾರ ನನ್ನ ಹೊಲಿಗೆ ಅಂಗಡಿಯಿಂದ ಬರುವಾಗ, ಸೇತುವೆಯ ತಿರುವಿನಲ್ಲಿ ದೀಪವೇ ಆರಿಹೋಗಿ, ಇಬ್ಬರೂ ಚರಂಡಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

"ಇನ್ನು ಇದರ ಮೇಲೆ ನಾನು ಕೂರಲ್ಲ. ಭಾನುವಾರದೊಳಗೆ ಸರಿ ಮಾಡಿ, ಇಲ್ಲಾಂದ್ರೆ ಗುಜರಿಗೆ ಹಾಕಿ!" ಎಂದೆ.

"ಆಯ್ತು" ಎಂದರು. ವಾದಕ್ಕೇ ಇಳಿಯದೆ ಒಪ್ಪಿದ್ದು ನೋಡಿ ನನಗೇ ಪಾಪ ಅನ್ನಿಸಿತು.

ಭಾನುವಾರ ಅಡುಗೆಮನೆ ಬಾಗಿಲಿಗೇ ಗಾಡಿ ತಂದಿಟ್ಟುಕೊಂಡರು. ಬ್ಯಾಟರಿ ಬದಲಾಯಿಸಿದ್ದಾಯಿತು, ಫ್ಯೂಸ್ ಹಾಕಿದ್ದಾಯಿತು, ಸ್ವಿಚ್ಚುಗಳನ್ನೆಲ್ಲ ಬಿಚ್ಚಿ ಉಜ್ಜಿದ್ದಾಯಿತು. ಊಹೂಂ. ಊಟಕ್ಕೆ ಕರೆದರೆ ಮುಖ ಊದಿಸಿಕೊಂಡು ಕೂತರು. ಸಂಜೆ ಗುಜರಿಯವನು ಬರುವವನಿದ್ದ.

"ರೀ, ಗಿರಾಕಿಗಳನ್ನ ಮೊದ್ಲು ಏನ್ ಕೇಳ್ತೀರಿ?"

"ಯಾವಾಗಿಂದ ಹೀಗಾಗ್ತಿದೆ ಅಂತ."

"ಈಗ ನಾನು ಕೇಳ್ತಿದೀನಿ. ಯಾವಾಗಿಂದ?"

ಸ್ಪ್ಯಾನರ್ ಹಿಡಿದುಕೊಂಡೇ ಯೋಚಿಸಿದರು. "ನೀಲಿ ಇಷ್ಟ ಅಂದ್ಯಲ್ಲ, ಪೂರ್ತಿ ಬಿಚ್ಚಿ ಪೇಂಟ್ ಮಾಡಿದ್ನಲ್ಲ, ಆವಾಗಿಂದ... ಅಯ್ಯೋ!"

ಸೀಟು ಎತ್ತಿ, ಬ್ಯಾಟರಿಯ ಅರ್ತಿಂಗ್ ವೈರು ಗಾಡಿಯ ಕಬ್ಬಿಣಕ್ಕೆ ಸೇರುವ ಕಡೆ ಬೋಲ್ಟ್ ಬಿಚ್ಚಿದರು. ಅಡಿಯಲ್ಲಿ ದಪ್ಪ ನೀಲಿ ಬಣ್ಣ! ಕರೆಂಟು ವಾಪಸ್ ಹೋಗುವ ದಾರಿಗೇ ಬಣ್ಣ ಬಳಿದು ಅಡ್ಡಗಟ್ಟಿದ್ದರು ಮಹಾನುಭಾವರು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಇವರೇ ಅವರ ಜನ್ಮ ಜಾಲಾಡುತ್ತಿದ್ದರು.

"ಒಂದು ಬೋಲ್ಟಿನ ಜಾಗಾನೂ ಬಿಡ್ಲಿಲ್ವಲ್ರೀ!"

"ನಿನಗಿಷ್ಟ ಅಂದ್ಮೇಲೆ ಹೇಗೆ ಬಿಡ್ಲಿ?"

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನಗೂ ಆಗ ಇವರ ಮೇಲೆ ತುಂಬ ಪ್ರೀತಿ ಬಂತು. ಆದರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದರೆ ನೆಲದ ಮೇಲೆ ನಿಲ್ಲುವ ಆಸಾಮಿಯಲ್ಲ.

ಎಮರಿ ಪೇಪರಿನಿಂದ ಬಣ್ಣ ಕೆರೆದು, ಕಬ್ಬಿಣ ಹೊಳೆದ ಮೇಲೆ ಬೋಲ್ಟ್ ಬಿಗಿದರು. ಹಾರ್ನ್ ಒತ್ತಿದರೆ ಬೀದಿಯೆಲ್ಲ ತಿರುಗಿ ನೋಡಿತು. ಹೆಡ್‌ಲೈಟ್ ಒಂದಿಷ್ಟೂ ಮಂಕಾಗಲಿಲ್ಲ.

ಅಷ್ಟರಲ್ಲಿ ಗುಜರಿಯವನು ಬಂದ. "ಎಲ್ಲಮ್ಮಾ ಗಾಡಿ?"

ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮೂಲೆಯಲ್ಲಿದ್ದ ತುಕ್ಕು ಹಿಡಿದ ಮಂಚ ತೋರಿಸಿದೆ. "ಇದನ್ನ ತಗೊಂಡ್ಹೋಗಪ್ಪ."

ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ.

"ಎಲ್ಲಿಗೇ?" ಎಂದರು, ಹಲ್ಲು ಕಿರಿಯುತ್ತ.

"ಆ ಸೇತುವೆ ತಿರುವಿಗೆ. ಲೈಟ್ ಹಾಕ್ರಿ."