ಭುಜದ ಆಟ, ಮಣಿಕಟ್ಟಿನ ಆಟ

ಶಟಲ್ ಆಡುವುದಕ್ಕೆ ಎತ್ತರ ಬೇಕು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನು ಗಿಡ್ಡ. ಗಂಗೊಳ್ಳಿಯಲ್ಲಿ ನೋಡಲು ಬಂದವರು, "ಹ್ವಾಯ್, ನಿಂಗೆ ನೆಟ್ಟಿನ ಅಡಿಯಂಗೇ ಆಚೆ ಹೋಪುಕೆ ಆತ್ತಲ್ಲ!" ಎಂದು ನಗಾಡುತ್ತಿದ್ದರು. ನಗಾಡಲಿ. ಆಟ ಮಾತ್ರ ಚೆನ್ನಾಗಿಯೇ ಆಡಿದೆ. ಒಬ್ಬನ ಆಟ ಅವನು ದಿನಾ ಮಾಡುವ ಕೆಲಸದಿಂದ ಬರುತ್ತದೆ ಎಂಬುದು ನನ್ನ ಅನುಭವ, ಯಾವ ಕೋಚೂ ಹೇಳಿಕೊಟ್ಟದ್ದಲ್ಲ.

1997ರ ಸುಮಾರಿಗೆ ನಾನು ಕೋಟದ ಮನೆ ಬಿಟ್ಟು, ಗಂಗೊಳ್ಳಿ ಬಂದರಿನ ಬಳಿ ಸೋದರಮಾವನ ಹೋಟೆಲಿನಲ್ಲಿ ಇದ್ದೆ. ಬೆಳಿಗ್ಗೆಯಿಂದ ದೋಸೆ ಕಾವಲಿಯ ಮುಂದೆ ನಿಲ್ಲುವುದು, ಸಟ್ಟುಗದಲ್ಲಿ ದೋಸೆ ಎಬ್ಬಿಸಿ ಮಗುಚುವುದು. ಅದಕ್ಕೆ ಭುಜದ ಬಲ ಬೇಡ, ಮಣಿಕಟ್ಟು ತಿರುಗಿದರೆ ಸಾಕು. ರ್‍ಯಾಕೆಟನ್ನೂ ನಾನು ಹಾಗೆಯೇ ತಿರುಗಿಸುತ್ತಿದ್ದೆ. ಉದ್ದಕ್ಕೆ ಹೊಡೆಯುತ್ತೇನೆ ಎಂದು ಎದುರಿನವನು ಹಿಂದೆ ಓಡಿದ ಮೇಲೆ ಕೈ ಮಡಚಿ ನೆಟ್ಟಿನ ಬುಡದಲ್ಲೇ ಬೀಳಿಸುತ್ತಿದ್ದೆ. ಅವನ ಮುಖ ನೋಡುವುದೇ ಒಂದು ಖುಷಿ.

ಡಬಲ್ಸಿನಲ್ಲಿ ನನ್ನ ಜೊತೆಗಾರ ಅಲ್ಲಿಯವನೇ, ಮೀನುಗಾರರ ಮನೆಯವನು. ಎತ್ತರದ ಆಳು. ದಡದಲ್ಲಿ ನಿಂತು ಕೈರಂಪಣಿ ಬಲೆಯ ಹಗ್ಗ ಎಳೆದೂ ಎಳೆದೂ ಅವನ ಹೆಗಲು ಮರದ ಕೊರಡಿನ ಹಾಗೆ ಆಗಿತ್ತು. ಅವನು ಸ್ಮ್ಯಾಶ್ ಹೊಡೆದರೆ ಐಸ್ ಪ್ಲಾಂಟಿನ ಒಳಗಿದ್ದವರು ಹೊರಗೆ ಬಂದು ನೋಡುತ್ತಿದ್ದರು. ಆದರೆ ಆ ಕೈ ಒಮ್ಮೆ ಮೇಲೆ ಹೋಯಿತೆಂದರೆ ಮುಗಿಯಿತು, ನಡುವೆ ಮನಸ್ಸು ಬದಲಾಯಿಸುವ ಪ್ರಶ್ನೆಯೇ ಇಲ್ಲ.

ಅಂಥ ಆಳಿಗೆ ಕಡಲು ಆಗುತ್ತಿರಲಿಲ್ಲ. ದೋಣಿ ಹೊಳೆಬಾಯಿಯ ಅಳಿವೆ ದಾಟುವುದರೊಳಗೆ ಕಾರಲು ಶುರು. ಮನೆಯವರೆಲ್ಲ ಬೋಟಿನಲ್ಲಿ ದುಡಿಯುವವರು, ಇವನು ಬೋಟಿನ ಅಂಚು ಹಿಡಿದು ವಾಂತಿ ಮಾಡುವವನು. ಬಂದರಿನಲ್ಲಿ ಅದೇ ಒಂದು ತಮಾಷೆ. ದಡದ ಮೀನು ಕಡಿಮೆಯಾಗುತ್ತ ಬಂದಿತ್ತು. ಮುಂದಿನ ಸೀಸನ್ನಿಗೆ ಆಳಸಮುದ್ರದ ಬೋಟು ಹತ್ತಲೇಬೇಕು ಎಂದು ಅವನ ಅಣ್ಣ ಹೇಳಿಬಿಟ್ಟಿದ್ದ.

"ದಡದ ಮೇಲೆ ಎಂತ ಕೆಲ್ಸ ಕೊಟ್ರೂ ಅಡ್ಡಿಲ್ಲ ಮರಾಯ, ಕಸ ಗುಡ್ಸುದಾರೂ ಅಡ್ಡಿಲ್ಲ. ಕಡ್ಲ್ ಮಾತ್ರ ಬ್ಯಾಡ" ಎನ್ನುತ್ತಿದ್ದ ಇವನು.

ಆಗಲೇ ಬ್ರಹ್ಮಾವರದ ಬಳಿ ಒಂದು ಒಳಾಂಗಣದಲ್ಲಿ ಡಬಲ್ಸ್ ಪಂದ್ಯ ಎಂದು ಸುದ್ದಿ ಬಂತು. ಮಂಗಳೂರಿನ ಕಂಪನಿಯೊಂದರ ಅಧಿಕಾರಿ ನೋಡಲು ಬರುತ್ತಾರೆ, ಅವರ ತಂಡಕ್ಕೆ ಹಿಡಿಸಿದವರಿಗೆ ನೌಕರಿ. ನನಗೆ ಮಾವನ ಹೋಟೆಲ್ ಇತ್ತು. ಅವನಿಗೆ ಇದ್ದದ್ದು ಈ ಪಂದ್ಯ ಒಂದೇ.

ಗಂಗೊಳ್ಳಿಯಲ್ಲಿ ನಾವು ಆಡುತ್ತಿದ್ದ ಅಂಕಣದ ಸಂಗತಿ ಇಲ್ಲಿ ಹೇಳಬೇಕು. ಮೀನು ಒಣಗಿಸುವ ಜಾಗ ಅದು. ಸಂಜೆ ಮೀನು ಬಾಚಿದ ಮೇಲೆ ಪೊರೆ ಗುಡಿಸಿ ಗೆರೆ ಎಳೆಯುತ್ತಿದ್ದೆವು. ಪಡುವಣದಿಂದ ಕಡಲಗಾಳಿ ಅಡ್ಡಕ್ಕೆ ಬೀಸುತ್ತಿತ್ತು. ಶಟಲ್ ಹಾರಿಹೋಗದ ಹಾಗೆ, ಬಲೆಗೆ ಭಾರಕ್ಕೆ ಕಟ್ಟುವ ಸೀಸದ ಚೂರೊಂದನ್ನು ಅದರ ಬುಡದೊಳಗೆ ತುರುಕುತ್ತಿದ್ದೆವು. ನೆಟ್ಟಿನ ಕಂಬಕ್ಕೆ ಒಂದು ಬಟ್ಟೆ ಚೂರು. ಅದು ಎಷ್ಟು ಹಾರುತ್ತದೆ ಎಂದು ನೋಡಿಯೇ ಹೊಡೆಯಬೇಕು. ಪಡು ಬದಿಯ ಗೆರೆಯಿಂದ ಒಂದು ಮೊಳ ಹೊರಗೆ ಹೊಡೆದರೆ ಗಾಳಿಯೇ ಅದನ್ನು ಗೆರೆಯ ಒಳಗೆ ತಂದು ಹಾಕುತ್ತಿತ್ತು. ಹೊರಗಿನಿಂದ ಬಂದವರು ಇದು ತಿಳಿಯದೆ ಸೋತು, ನಮ್ಮನ್ನು ಬೈದುಕೊಂಡೇ ಹೋಗುತ್ತಿದ್ದರು.

ಬ್ರಹ್ಮಾವರದ ಒಳಾಂಗಣದಲ್ಲಿ ಗಾಳಿ ಇರಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಶಟಲಿನಲ್ಲಿ ಸೀಸವೂ ಇರಲಿಲ್ಲ, ಗರಿಯದ್ದು, ಕೈಯಲ್ಲಿ ಹಿಡಿದರೆ ಏನೂ ಹಿಡಿದ ಹಾಗಿಲ್ಲ. ನಾನೂ ಮೊದಲಿಗೆ ತಪ್ಪಿದೆ. ಆಮೇಲೆ ಹೊಡೆಯುವ ಕ್ಷಣದಲ್ಲಿ ಕೈ ತಿರುಗಿಸಿ ಸರಿಮಾಡಿಕೊಂಡೆ. ಅವನ ಭುಜಕ್ಕೆ ಅದು ಸಾಧ್ಯವಿರಲಿಲ್ಲ. ಗೋಡೆಗಳ ನಡುವೆಯೂ ಪಡು ಯಾವ ಕಡೆ ಎಂದು ಆ ಮೈಗೆ ಗೊತ್ತಿತ್ತು. ಹೊಡೆದ ಸ್ಮ್ಯಾಶೆಲ್ಲ ಪಡು ಬದಿಯ ಗೆರೆಯಿಂದ ಒಂದು ಮೊಳ ಹೊರಗೆ.

"ಗಾಳಿ ಇಲ್ಲ ಮರಾಯ, ಗೆರೆ ಒಳ್ಗೇ ಹೊಡಿ" ಎಂದೆ.

"ನಂಗೆ ಗೊತ್ತಿತ್ತ್. ಈ ಕೈಗೆ ಗೊತ್ತಾತಿಲ್ಲ."

ಕೊನೆಯ ಅಂಕಕ್ಕೆ ಶಟಲ್ ಅವನ ತಲೆಯ ಮೇಲೆ ಬಂತು. ಎಂಥವನೂ ಹೊಡೆದು ಮುಗಿಸುವಂಥದ್ದು. ಕೈ ಎತ್ತುವ ಮೊದಲು ಅವನು ನೆಟ್ಟಿನ ಕಂಬದ ಕಡೆ ನೋಡಿದ. ಅಲ್ಲಿ ಬಟ್ಟೆ ಚೂರು ಇರಲಿಲ್ಲ. ಹೊಡೆದ. ಹೊರಗೆ ಬಿತ್ತು, ಸೋತೆವು.

ಆ ಅಧಿಕಾರಿ ಹೊರಗೆ ಬಂದು ನನ್ನನ್ನು ಕರೆದರು. "ನಿಮ್ಮ ಕೈ ಚೆನ್ನಾಗಿ ತಿರುಗುತ್ತದೆ, ಬೇಗ ಹೊಂದಿಕೊಂಡಿರಿ. ಅವರದು ಭುಜದ ಆಟ, ಈ ವಯಸ್ಸಿನಲ್ಲಿ ತಿದ್ದುವುದು ಕಷ್ಟ" ಎಂದರು. ನೌಕರಿ ನನಗೆ. ಅವನಿಗೇ ಕೊಡಿ ಎಂದು ಕೇಳಿಯೂ ಕೇಳಿದೆ. ಹಾಗೆಲ್ಲ ಆಗುವುದಿಲ್ಲ ಎಂದರು. ಬಸ್ಸಿನಲ್ಲಿ ಅವನಿಗೆ ಇದನ್ನು ಹೇಳಿದೆ.

"ತಕೊ ಮರಾಯ" ಎಂದ. "ನೀ ಬಿಟ್ರೆ ಅದ್ ಎಂತ ನನ್ನ ಬುಡಕ್ಕೆ ಬತ್ತಾ? ಸುಮ್ನೆ ದೊಡ್ಡಸ್ತಿಕೆ ಮಾಡ್ಬ್ಯಾಡ."

ತೆಗೆದುಕೊಂಡೆ. ಮಂಗಳೂರಿಗೆ ಹೋದೆ. ಮಳೆಗಾಲ ಮುಗಿದು ಬೋಟುಗಳು ಹೊರಟಾಗ ಅವನೂ ಹೊರಟ.

ನಾವಿಬ್ಬರು ಮತ್ತೆ ಆಡಿದ್ದು 2010ರ ಆಚೆ, ಈ ಸಲ ಎದುರುಬದುರಾಗಿ, ಕುಂದಾಪುರದ ಒಂದು ಹೊಸ ಒಳಾಂಗಣದಲ್ಲಿ. ರಜೆಗೆ ಬಂದಿದ್ದೆ, ನಾನೇ ಫೋನ್ ಮಾಡಿ ಕರೆದೆ. ನನಗೆ ಹೊಟ್ಟೆ ಬಂದಿತ್ತು, ಮಂಡಿ ಮಾತು ಕೇಳುತ್ತಿರಲಿಲ್ಲ. ಅವನ ಬಲಗೈ ಕಿವಿಯಿಂದ ಮೇಲೆ ಏಳುತ್ತಿರಲಿಲ್ಲ, ಬೋಟಿನ ಹಗ್ಗ ಭುಜವನ್ನು ತಿಂದುಹಾಕಿತ್ತು. ಸ್ಮ್ಯಾಶ್ ಇಲ್ಲವಾದ್ದರಿಂದ ಮಣಿಕಟ್ಟಿನಲ್ಲೇ ಆಡುತ್ತಿದ್ದ. ನನ್ನನ್ನು ಹಿಂದೆ ಓಡಿಸಿ ನೆಟ್ಟಿನ ಬುಡದಲ್ಲಿ ಬೀಳಿಸಿದ, ಗೆರೆಯ ಸರೀ ಒಳಗೆ. ಈ ಕೈ ಆಗ ಬಂದಿದ್ದರೆ ಎಂದುಕೊಂಡೆ.

ಸುಧಾರಿಸಿಕೊಳ್ಳಲು ಕುಳಿತಾಗ ಕೇಳಿಯೇಬಿಟ್ಟೆ. "ಕಡ್ಲ್ ಈಗ ಒಗ್ಗಿತಾ?"

"ಎಂತದ್ ಒಗ್ಗುದ್? ಹೊರ್ಟ್ ದಿನ ಈಗ್ಳೂ ಕಾರ್ತೆ" ಎಂದ. "ಆಗ್ಳ್ ನಗಾಡ್ತಿದ್ರ್. ಈಗ ಬೋಟ್ ನಡ್ಸು ತಾಂಡೇಲ ನಾನೇ ಅಲ್ದಾ, ಹುಡ್ಗ್ರ್ ನಗಾಡ್ತ್ರಿಲ್ಲ. ನಾ ಬೋಟ್ ಹತ್ತು ಮೊದ್ಲೇ ಬಾಲ್ದಿ ತಂದ್ ಇಡ್ತ್ರ್."

ಅವನು ಎದ್ದು, ಶಟಲನ್ನು ನನ್ನ ಕೈಯಲ್ಲಿಟ್ಟ.

"ಏಳ್, ಸರ್ವಿಸ್ ನಿಂದ್."